ಮನೆ ಕೊಳ್ಳುವ ಮೊದಲು ನೀರಿನ ದಾರಿ ನೋಡಿ



ನಮ್ಮಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಒಂದೇ ಸಲ ಮನೆ ಕೊಳ್ಳುವವರು. ಪಿ.ಎಫ್. ಸಾಲ, ಬ್ಯಾಂಕಿನ ಸಾಲ, ಮನೆಯಲ್ಲಿದ್ದ ಚಿನ್ನ ಎಲ್ಲವನ್ನೂ ಒಟ್ಟುಮಾಡಿ ಕೊಳ್ಳುತ್ತೇವೆ. ಆದರೆ ಅಷ್ಟು ದೊಡ್ಡ ತೀರ್ಮಾನವನ್ನು ಎಷ್ಟು ಹೊತ್ತು ನೋಡಿ ಮಾಡುತ್ತೇವೆ? ಒಂದು ಭಾನುವಾರ ಬೆಳಿಗ್ಗೆ, ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು!

ನಾನು ಮಾಡಿದ್ದೂ ಅದನ್ನೇ. ಮಾರ್ಚ್ ತಿಂಗಳ ಒಂದು ಭಾನುವಾರ ಎಂಟು ಸೆಂಟ್ಸ್ ಜಾಗದ ಆ ಮನೆಯನ್ನು ನೋಡಿದೆ. ಹೊಸ ಪೈಂಟು, ಗುಡಿಸಿದ ಅಂಗಳ, ತಳದ ಮರಳು ಕಾಣುವಷ್ಟು ತಿಳಿಯಾದ ಬಾವಿ. ಶಾಲೆ ಹತ್ತಿರ, ಬಸ್ಸು ಹತ್ತಿರ. ಅಡ್ವಾನ್ಸ್ ಕೊಟ್ಟು ಬಂದೆ. ಜುಲೈಯಲ್ಲಿ ಬಾವಿ ತುಂಬಿತು, ನೀರಿಗೆ ಸಣ್ಣ ವಾಸನೆ ಹಿಡಿಯಿತು. ಮಳೆನೀರು ಸೇರಿದ್ದಾಗಿರಬೇಕೆಂದು ಸುಮ್ಮನಾದೆ. ಆಗಸ್ಟಿನಲ್ಲಿ ನಾಲ್ಕನೇ ತರಗತಿಯಲ್ಲಿದ್ದ ಮಗಳಿಗೆ ಕಾಮಾಲೆ ಬಂತು. ಒಂದು ತಿಂಗಳು ಅವಳು ಶಾಲೆಗೆ ಹೋಗಲಿಲ್ಲ.

ಅವಳನ್ನು ನೋಡಲು ಬಂದ ಪಕ್ಕದ ಮನೆಯ ಅಜ್ಜಿ ಹೇಳಿದ ಮಾತು ಇನ್ನೂ ಕಿವಿಯಲ್ಲುಂಟು: “ಮಾಷ್ಟ್ರೇ, ಮನೆ ನೋಡ್ಲಿಕ್ಕೆ ನೀವು ಆಟಿಯಲ್ಲಿ ಬರ್ಬೇಕಿತ್ತು. ಬೇಸಗೆಯಲ್ಲಿ ಎಲ್ಲ ಮನೆಯೂ ಚಂದವೇ.”

ಹತ್ತು ವರ್ಷ ಮಕ್ಕಳಿಗೆ ದ್ರವದ ಒತ್ತಡ, ಲೋಮನಾಳ ಕ್ರಿಯೆ, ಅಂತರ್ಜಲ ಎಂದೆಲ್ಲ ಪಾಠ ಮಾಡಿದವನು ನಾನು. ಅದರಲ್ಲಿ ಒಂದನ್ನೂ ಮನೆ ನೋಡಲು ಹೋದ ದಿನ ಜೊತೆಗೆ ಕೊಂಡುಹೋಗಿರಲಿಲ್ಲ. ನಿಮಗೂ ಹಾಗೆ ಆಗಬಾರದೆಂದು ಈ ಲೇಖನ. ಇದರಲ್ಲಿರುವ ಪ್ರಯೋಗಗಳು ತರಗತಿಗೂ ಆಗುತ್ತವೆ, ಮನೆ ಕೊಳ್ಳುವವರಿಗೂ ಆಗುತ್ತವೆ.

ಮೂರು ಪ್ರಶ್ನೆಗಳು

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಂದು ದಿನಕ್ಕೆ 100 ಮಿ.ಮೀ. ಮಳೆ ನಮಗೆ ಹೊಸದಲ್ಲ. ಹತ್ತು ಸೆಂಟ್ಸ್ ಜಾಗ ಎಂದರೆ ಸುಮಾರು 405 ಚದರ ಮೀಟರ್. ಅಂಥ ಒಂದು ದಿನ ಆ ಜಾಗದ ಮೇಲೆ ಬೀಳುವ ನೀರು 40,000 ಲೀಟರಿಗೂ ಹೆಚ್ಚು. ಮೇಲಿನ ಗುಡ್ಡೆಯಿಂದ ಹರಿದು ಬರುವುದು ಬೇರೆ.

ಹಾಗಾಗಿ ನಮ್ಮ ನಾಡಿನಲ್ಲಿ ಮನೆಯ ಮುಂದೆ ನಿಂತು ಕೇಳಬೇಕಾದ ಪ್ರಶ್ನೆ ಮೂರೇ ಮೂರು. ನೀರು ಎಲ್ಲಿಂದ ಬರುತ್ತದೆ? ಎಲ್ಲಿ ನಿಲ್ಲುತ್ತದೆ? ಎಲ್ಲಿಗೆ ಹೋಗುತ್ತದೆ? ಕೋಣೆ ಎಷ್ಟು, ಟೈಲ್ಸ್ ಯಾವುದು ಎಂಬುದೆಲ್ಲ ಆಮೇಲೆ. ಟೈಲ್ಸ್ ಬದಲಾಯಿಸಬಹುದು, ನೀರಿನ ದಾರಿಯನ್ನು ಬದಲಾಯಿಸುವುದು ಬಹಳ ಕಷ್ಟ.

1. ಮನೆಯ ಹಿಂದಿನ ಬರೆ

ನಮ್ಮ ನೆಲದ ಮೇಲ್ಪದರ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಎಂಬವರು ಮಲಬಾರಿನ ಅಂಗಾಡಿಪ್ಪುರಂನಲ್ಲಿ ಈ ಕಲ್ಲನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ 1807ರಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟರು. ನೆಲದಿಂದ ತೆಗೆಯುವಾಗ ಮೆದು, ಗಾಳಿ ಬಿಸಿಲಿಗೆ ಒಣಗಿದಂತೆ ಗಟ್ಟಿ. ಇದು ನಮಗೆಲ್ಲ ಗೊತ್ತಿರುವುದೇ.

ಗೊತ್ತಿದ್ದೂ ಮರೆಯುವುದು ಅದರ ಕೆಳಗಿನ ಪದರವನ್ನು. ಬಿಳಿ, ಹಳದಿ, ನಸುಗೆಂಪು ಬಣ್ಣದ, ಕೈಯಲ್ಲಿ ಉಜ್ಜಿದರೆ ಹಿಟ್ಟಿನಂತಾಗುವ ಶೇಡಿಮಣ್ಣು. ಒಣಗಿದ್ದಾಗ ಅದನ್ನು ಗೋಡೆಯಂತೆ ನೇರವಾಗಿ ಕಡಿದರೂ ನಿಲ್ಲುತ್ತದೆ. ನೀರು ಕುಡಿದು ತುಂಬಿದಾಗ ತನ್ನ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಬೇಸಗೆಯಲ್ಲಿ ಜೆಸಿಬಿ ತಂದು ಗುಡ್ಡೆ ಕಡಿದು ಮಾಡಿದ ಜಾಗದಲ್ಲಿ ಹಿಂಬದಿಯ ಬರೆ ಮಾರ್ಚಿನಲ್ಲಿ ಕಲ್ಲಿನ ಹಾಗೆ ನಿಂತಿರುವುದೂ ಜುಲೈಯಲ್ಲಿ ಜರಿಯುವುದೂ ಇದರಿಂದಲೇ.

*ಚಟುವಟಿಕೆ:* ಮೂರು ಸಣ್ಣ ಡಬ್ಬಿಗಳಲ್ಲಿ ಮರಳು ತೆಗೆದುಕೊಳ್ಳಿ. ಒಂದು ಒಣ ಮರಳು, ಎರಡನೆಯದು ಸ್ವಲ್ಪ ಒದ್ದೆ ಮಾಡಿದ್ದು, ಮೂರನೆಯದು ನೀರು ತುಂಬಿ ನಿಂತದ್ದು. ತಟ್ಟೆಯ ಮೇಲೆ ಕವುಚಿ ಹಾಕಿ. ಒಣ ಮರಳು ಹರಡಿ ಬೀಳುತ್ತದೆ. ಸ್ವಲ್ಪ ಒದ್ದೆಯಾದದ್ದು ಡಬ್ಬಿಯ ಆಕಾರದಲ್ಲೇ ನಿಲ್ಲುತ್ತದೆ. ನೀರು ತುಂಬಿದ್ದು ಹರಿದುಹೋಗುತ್ತದೆ. ಕಾಳುಗಳ ನಡುವಿನ ತೆಳುವಾದ ನೀರಿನ ಪೊರೆ ಮೇಲ್ಮೈ ಎಳೆತದಿಂದ ಅವನ್ನು ಹಿಡಿದಿಟ್ಟುಕೊಳ್ಳುತ್ತದೆ. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಆ ಹಿಡಿತ ತಪ್ಪುತ್ತದೆ, ಜೊತೆಗೆ ನೀರಿನ ಒತ್ತಡ ಕಾಳುಗಳನ್ನು ದೂರ ತಳ್ಳುತ್ತದೆ. ಬರೆ ಜರಿಯುವುದರ ಹಿಂದಿರುವುದೂ ಇದೇ ಪಾಠ.

ಬರೆಗೆ ಕಲ್ಲಿನ ಗೋಡೆ ಕಟ್ಟಿದ್ದಾರೆ, ಹೆದರುವುದು ಬೇಡ ಎನ್ನುತ್ತಾರೋ? ಗೋಡೆಯಲ್ಲಿ ನೀರು ಹೊರಗೆ ಬರಲು ತೂತುಗಳಿವೆಯೇ ನೋಡಿ. ತೂತಿಲ್ಲದ 3 ಮೀಟರ್ ಎತ್ತರದ ಗೋಡೆಯ ಹಿಂದೆ ನೀರು ತುಂಬಿದರೆ ಬುಡದಲ್ಲಿ ಒತ್ತಡ 1000 × 9.8 × 3 = 29,400 ಪಾಸ್ಕಲ್. ಮೇಲೆ ಸೊನ್ನೆ, ಕೆಳಗೆ ಇಷ್ಟು. ಸರಾಸರಿ ಅದರ ಅರ್ಧ. ಲೆಕ್ಕ ಮಾಡಿದರೆ ಗೋಡೆಯ ಪ್ರತಿ ಒಂದು ಮೀಟರ್ ಉದ್ದಕ್ಕೆ ಸುಮಾರು ನಾಲ್ಕೂವರೆ ಟನ್ ಭಾರದಷ್ಟು ತಳ್ಳುವಿಕೆ, ಅದೂ ನೀರಿನದ್ದು ಮಾತ್ರ. ತೂತಿದ್ದರೆ ನೀರು ಸೋರಿಹೋಗುತ್ತದೆ, ಈ ಭಾರ ಇರುವುದಿಲ್ಲ. ಹೊಟ್ಟೆ ಉಬ್ಬಿದ ಗೋಡೆ, ಬರೆಯ ಮೇಲ್ಭಾಗದಲ್ಲಿ ಅಂಚಿಗೆ ಸಮಾನಾಂತರವಾದ ಬಿರುಕು, ಓರೆಯಾದ ತೆಂಗು ಅಥವಾ ಕರೆಂಟಿನ ಕಂಬ, ಹೊಸದಾಗಿ ಹುಟ್ಟಿದ ಒರತೆ, ಕೆಸರು ಬೆರೆತು ಬರುವ ಒರತೆ, ಇವುಗಳಲ್ಲಿ ಒಂದು ಕಂಡರೂ ಆ ಮನೆಯನ್ನು ಬಿಡಿ.

ನಮ್ಮ ಜಾಗದ ಬರೆಯನ್ನು ಮಾತ್ರ ನೋಡಿದರೆ ಸಾಲದು. ವಯನಾಡಿನ ಸಹೋದ್ಯೋಗಿಗಳಿಗೆ ಇದನ್ನು ನಾನು ಹೇಳಬೇಕಾಗಿಲ್ಲ. 2019ರ ಆಗಸ್ಟ್ 8ರಂದು ಪುತ್ತುಮಲೆಯಲ್ಲಿ, 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳಲ್ಲಿ ಮಣ್ಣು ಕಲ್ಲುಗಳು ಬಂದದ್ದು ಮನೆಯ ಹಿಂಬದಿಯಿಂದಲ್ಲ, ಬಹಳ ಮೇಲಿನಿಂದ, ನೀರಿನ ದಾರಿ ಹಿಡಿದು. ಮನೆ ತೋಡಿನ ದಂಡೆಯಲ್ಲಿದ್ದರೆ ಆ ತೋಡು ಎಲ್ಲಿ ಹುಟ್ಟುತ್ತದೆ ಎಂದು ಮೇಲಿನವರೆಗೆ ವಿಚಾರಿಸಿ.

ಇನ್ನೊಂದು ಮಾತು. ನಮ್ಮಲ್ಲಿ ಗುಡ್ಡೆಗೆ ಅಡ್ಡವಾಗಿ ಕೊರೆದ ನೀರಿನ ಸುರಂಗಗಳಿವೆ. ಹಳೆಯ ಸುರಂಗ ಜಾಗದ ಅಡಿಯಲ್ಲಿ ಹಾದುಹೋಗುತ್ತದೆಯೇ ಎಂಬುದು ಯಾವ ದಾಖಲೆಯಲ್ಲೂ ಇರಲಿಕ್ಕಿಲ್ಲ. ಊರಿನ ಹಿರಿಯರಲ್ಲಿ ಕೇಳಿ.

2. ತುಂಬಿಸಿದ ಗದ್ದೆ

ಬರೆಯ ಭಯವಿಲ್ಲದ ಸಮತಟ್ಟು ಜಾಗ ಸಿಕ್ಕಿದರೆ ಖುಷಿಯಾಗುತ್ತದೆ. ಆಗ ಕೇಳಬೇಕಾದದ್ದು, ಇದು ಮೊದಲೇ ಹೀಗಿತ್ತೋ, ಗದ್ದೆಗೆ ಮಣ್ಣು ಹಾಕಿ ತುಂಬಿಸಿದ್ದೋ? ತುಂಬಿಸಿದ ಮಣ್ಣು ವರ್ಷಗಟ್ಟಲೆ ಕೂರುತ್ತಾ ಇರುತ್ತದೆ, ಎಲ್ಲ ಕಡೆ ಒಂದೇ ಸಮ ಕೂರುವುದಿಲ್ಲ. ಪಂಚಾಂಗದ ಒಂದು ಮೂಲೆ ಇಳಿದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಹೋಗುತ್ತದೆ. ಸಾರಣೆಯ ಮೇಲಿನ ಕೂದಲೆಳೆಯ ಗೀರುಗಳಿಗೆ ಹೆದರಬೇಡಿ. ಓರೆಯಾಗಿ ಅಥವಾ ಮೆಟ್ಟಿಲಿನ ಹಾಗೆ ಕಲ್ಲಿನ ಸಂದಿಯಲ್ಲಿ ಹೋಗುವ, ಒಂದು ತುದಿ ಅಗಲ ಇನ್ನೊಂದು ತುದಿ ಸಪೂರ ಇರುವ ಬಿರುಕಿಗೆ ಹೆದರಿ.

ಗದ್ದೆ ಎಂದರೆ ನೀರು ನಿಲ್ಲಲೆಂದೇ ಇದ್ದ ಜಾಗ. ಮೇಲೆ ಮಣ್ಣು ಹಾಕಿದ ಮಾತ್ರಕ್ಕೆ ಮಳೆನೀರಿಗೆ ಅದು ಮರೆತುಹೋಗುವುದಿಲ್ಲ. ಕಾನೂನೂ ಮರೆಯುವುದಿಲ್ಲ. 2008ರ ಕೇರಳ ಗದ್ದೆ ಮತ್ತು ಜೌಗುಭೂಮಿ ಸಂರಕ್ಷಣಾ ಕಾಯ್ದೆಯಂತೆ ಡಾಟಾ ಬ್ಯಾಂಕಿನಲ್ಲಿ ಸೇರಿದ ಗದ್ದೆಯಲ್ಲಿ ಮನೆ ಕಟ್ಟಲು ನಿರ್ಬಂಧವಿದೆ. ಕಾಗದಪತ್ರದಲ್ಲಿ “ನಿಲಂ” ಎಂದಿದೆಯೋ “ಪುರಯಿಡಂ” ಎಂದಿದೆಯೋ ನೋಡಿ. ಮೊದಲನೆಯದು ಗದ್ದೆ. ನಮ್ಮಲ್ಲಿ ಇದೊಂದು ದೊಡ್ಡ ತೊಡಕು: 1956ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದುದರಿಂದ ಕೆಲವು ಹಳೆಯ ಪತ್ರಗಳು ಕನ್ನಡದಲ್ಲಿರುತ್ತವೆ, ಈಚಿನವು ಮಲಯಾಳದಲ್ಲಿ. ಎರಡನ್ನೂ ಓದಬಲ್ಲವರನ್ನು ಕೂರಿಸಿ ಓದಿಸಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ. ನಾಚಿಕೆಯೂ ಬೇಡ.

*ಚಟುವಟಿಕೆ:* ಮೇಸ್ತ್ರಿಗಳು ಬಳಸುವ ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿಸಿ. ಒಂದು ತುದಿಯನ್ನು ಮನೆಯ ಜಗಲಿಯ ಹತ್ತಿರ, ಇನ್ನೊಂದನ್ನು ರಸ್ತೆಯ ಬದಿಯಲ್ಲಿ ಎತ್ತಿ ಹಿಡಿಯಿರಿ. ಎರಡೂ ಕಡೆ ನೀರಿನ ಮಟ್ಟ ಒಂದೇ. ಆ ಮಟ್ಟದಿಂದ ನೆಲಕ್ಕೆ ಎರಡೂ ಕಡೆ ಅಳೆಯಿರಿ. ಯಾವ ಕಡೆ ಅಳತೆ ಹೆಚ್ಚೋ ಆ ಕಡೆ ನೆಲ ತಗ್ಗು. ರಸ್ತೆಗಿಂತ ಮನೆ ತಗ್ಗಿನಲ್ಲಿದ್ದರೆ ರಸ್ತೆಯ ನೀರು ನಿಮ್ಮದೇ. ಬಾವಿ, ಕಣಿ, ತೋಡು ಇವುಗಳಿಗೂ ಹೀಗೆಯೇ ಅಳೆದು ಒಂದು ನಕ್ಷೆ ಬರೆಯಿರಿ. ಶಾಲೆಯ ಅಂಗಳದಲ್ಲಿ ಮಕ್ಕಳು ಒಂದು ಪೀರಿಯಡಿನಲ್ಲಿ ಇದನ್ನು ಮಾಡಿ ಮುಗಿಸುತ್ತಾರೆ.

3. ಬಾವಿ: ಎಷ್ಟು ನೀರು, ಎಂಥ ನೀರು

ಅಂಗಳವನ್ನು ಮಳೆಗಾಲದಲ್ಲಿ ನೋಡಬೇಕು, ಬಾವಿಯ ನೀರಿನ ಪ್ರಮಾಣವನ್ನು ಬೇಸಗೆಯ ಕೊನೆಯಲ್ಲಿ ನೋಡಬೇಕು. ನೀರು ಎಷ್ಟಿದೆ ಎನ್ನುವುದಕ್ಕಿಂತ ತೆಗೆದ ಮೇಲೆ ಎಷ್ಟು ಬೇಗ ಬರುತ್ತದೆ ಎನ್ನುವುದು ಮುಖ್ಯ. ಪಂಪು ಹಾಕಿ ನೀರು ಇಳಿಸಿ, ನಿಲ್ಲಿಸಿ, ಒಂದು ಗಂಟೆ ಕಾಯಿರಿ. 2 ಮೀಟರ್ ವ್ಯಾಸದ ಬಾವಿಯ ಅಡ್ಡಕೊಯ್ತ 3.14 ಚದರ ಮೀಟರ್. ಗಂಟೆಗೆ 10 ಸೆಂ.ಮೀ. ಏರಿದರೆ 314 ಲೀಟರ್ ಬಂತು. ಐದು ಜನರ ಮನೆಗೆ ದಿನಕ್ಕೆ 500 ಲೀಟರ್ ಎಂದಿಟ್ಟುಕೊಂಡರೆ ಆ ಬಾವಿ ಧಾರಾಳ ಸಾಕು.

ಎಂಥ ನೀರು ಎಂಬುದು ಎರಡನೆಯ ಪ್ರಶ್ನೆ. ನಾನು ಎಡವಿದ್ದು ಇಲ್ಲಿ. ಕೇರಳದ ಕಟ್ಟಡ ನಿಯಮದಂತೆ ಕುಡಿಯುವ ನೀರಿನ ಬಾವಿಯಿಂದ ಸೆಪ್ಟಿಕ್ ಟ್ಯಾಂಕ್, ಇಂಗುಗುಂಡಿಗಳು ಕನಿಷ್ಠ 7.5 ಮೀಟರ್ ದೂರ ಇರಬೇಕು. ನನ್ನ ಮನೆಯ ಗುಂಡಿ 12 ಮೀಟರ್ ದೂರದಲ್ಲಿತ್ತು, ಕೆಳಗಿನ ಬದಿಯಲ್ಲಿತ್ತು. ನಾನು ಟೇಪು ಹಿಡಿದು ಅಳೆದು ನೆಮ್ಮದಿಯಿಂದಿದ್ದೆ. ಆದರೆ ಮೇಲಿನ ಜಾಗದವರ ಇಂಗುಗುಂಡಿ ಗಡಿಯ ಆಚೆ, ನನ್ನ ಬಾವಿಯಿಂದ 9 ಮೀಟರ್ ದೂರದಲ್ಲಿತ್ತು. ನಿಯಮದ ಪ್ರಕಾರ ಅದೂ ಸರಿಯೇ! ಅವರದು ಏನೂ ತಪ್ಪಿಲ್ಲ. ಮುರಕಲ್ಲಿನೊಳಗೆ ಹುಳ ಕೊರೆದಂಥ ತೂತುಗಳ ಸಾಲಿರುತ್ತದೆ. ಮರಳಿನಲ್ಲಿ ಸೋಸಿದಂತೆ ನೀರು ಅದರಲ್ಲಿ ಸೋಸಿ ಬರುವುದಿಲ್ಲ, ಕೊಳವೆಯಲ್ಲಿ ಹರಿದಂತೆ ಬರುತ್ತದೆ. ಮಳೆಗಾಲದಲ್ಲಿ ಅಂತರ್ಜಲ ಮೇಲೆದ್ದು ಗುಂಡಿಯ ತಳವನ್ನು ಮುಟ್ಟಿದಾಗ ಕೊಳೆ ಇಳಿಜಾರು ಹಿಡಿದು ಬಾವಿಗೆ ಸೇರುತ್ತದೆ. ಮಾರ್ಚಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಾಗಿ ನಿಮ್ಮ ಗಡಿಯೊಳಗಿನ ಗುಂಡಿಯನ್ನು ಮಾತ್ರವಲ್ಲ, ನೆರೆಯವರ ಗುಂಡಿ, ಕೊಟ್ಟಿಗೆ, ಗೊಬ್ಬರದ ರಾಶಿ ಯಾವ ಬದಿಯಲ್ಲಿದೆ ಎಂದು ನೋಡಿ. ದೂರದ ಜೊತೆಗೆ ದಿಕ್ಕನ್ನೂ ಅಳೆಯಿರಿ.

*ಚಟುವಟಿಕೆ:* ನೀರಿನ ಪರೀಕ್ಷೆಗೆ ಹೈಡ್ರೋಜನ್ ಸಲ್ಫೈಡ್ ಬಾಟಲಿ ಸಿಗುತ್ತದೆ. ಗೆರೆಯವರೆಗೆ ನೀರು ತುಂಬಿಸಿ ಬೆಚ್ಚಗಿನ ಜಾಗದಲ್ಲಿಡಿ. 24ರಿಂದ 48 ಗಂಟೆಯೊಳಗೆ ಕಪ್ಪಾದರೆ ಮಲದ ಕೊಳೆ ಸೇರಿರುವ ಸಂಭವ ಹೆಚ್ಚು. ಬ್ಲೀಚಿಂಗ್ ಪೌಡರ್ ಹಾಕಿದ ನೀರಿನಲ್ಲಿ ಈ ಪರೀಕ್ಷೆ ಮಾಡಬೇಡಿ, ಫಲಿತಾಂಶ ಮೋಸ ಮಾಡುತ್ತದೆ. ಬಾಟಲಿ ಕಪ್ಪಾಗದಿದ್ದರೂ ಕೊಳ್ಳುವ ಮೊದಲು ಪ್ರಯೋಗಾಲಯದಲ್ಲಿ ಒಮ್ಮೆ ಪರೀಕ್ಷಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಂತೆ 100 ಮಿ.ಲೀ. ನೀರಿನಲ್ಲಿ ಇ. ಕೋಲಿ ಒಂದೂ ಕಾಣಬಾರದು, ಪಿಎಚ್ 6.5ರಿಂದ 8.5ರ ಒಳಗಿರಬೇಕು. ಮುರಕಲ್ಲು ನೆಲದ ಬಾವಿಗಳಲ್ಲಿ ಪಿಎಚ್ ಹಲವೆಡೆ 6.5ಕ್ಕಿಂತ ಕೆಳಗಿರುತ್ತದೆ. ಅಂಥ ನೀರು ಕಬ್ಬಿಣದ ಪೈಪನ್ನು ತಿನ್ನುತ್ತದೆ.

4. ಗೋಡೆ ಮತ್ತು ಮಾಡು

ಮಾರಾಟಕ್ಕಿಟ್ಟ ಮನೆಗೆ ಬೇಸಗೆಯಲ್ಲಿ ಹೊಸ ಪೈಂಟು ಹೊಡೆದಿದ್ದರೆ, ಪೈಂಟಿನ ಕೆಳಗೆ ಏನಿದೆ ಎಂಬ ಸಂಶಯ ಇರಲಿ. ನೆಲದ ತೇವ ಲೋಮನಾಳ ಕ್ರಿಯೆಯಿಂದ ಗೋಡೆಯಲ್ಲಿ ಮೇಲೇರುತ್ತದೆ.

*ಚಟುವಟಿಕೆ:* ಸೀಮೆಸುಣ್ಣದ ಒಂದು ತುಂಡನ್ನು ಶಾಯಿ ಬೆರೆಸಿದ ಸ್ವಲ್ಪ ನೀರಿನಲ್ಲಿ ನಿಲ್ಲಿಸಿ. ಇನ್ನೊಂದು ತುಂಡಿನ ಬುಡಕ್ಕೆ ಮೇಣ ಹಚ್ಚಿ ಪಕ್ಕದಲ್ಲಿ ನಿಲ್ಲಿಸಿ. ಮೊದಲನೆಯದರಲ್ಲಿ ಶಾಯಿ ಏರುತ್ತದೆ, ಎರಡನೆಯದರಲ್ಲಿ ಮೇಣದ ಮೇಲೆ ನಿಲ್ಲುತ್ತದೆ. ಪಂಚಾಂಗದ ಮೇಲೆ ಕಾಂಕ್ರೀಟಿನ ಬೆಲ್ಟು ಮತ್ತು ತೇವ ತಡೆಯುವ ಪದರ ಹಾಕುವುದು ಇದಕ್ಕೇ.

ಕೆಳಗಿನಿಂದ ಏರಿದ ತೇವ ಸಾಮಾನ್ಯವಾಗಿ ಸೊಂಟದೆತ್ತರದಲ್ಲಿ ನಿಲ್ಲುತ್ತದೆ, ಅಲ್ಲಿ ಬಿಳಿ ಉಪ್ಪಿನ ಗೆರೆ ಮೂಡುತ್ತದೆ. ಮೇಲಿನಿಂದ ಇಳಿದ ಕಲೆಯಾದರೆ ಮಾಡು ಸೋರುತ್ತಿದೆ ಎಂದರ್ಥ. ಸಂಶಯವಿದ್ದಲ್ಲಿ ಒಂದು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಗಾಳಿ ಹೋಗದಂತೆ ಟೇಪಿನಿಂದ ಗೋಡೆಗೆ ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ, ಗೋಡೆಯ ಕಡೆಗೆ ಹನಿ ಕಟ್ಟಿದರೆ ತೇವ ಗೋಡೆಯದು. ಹೊರಬದಿಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದು, ಕಿಟಕಿ ತೆರೆದಿಟ್ಟರೆ ಸರಿಹೋದೀತು.

ನಮ್ಮ ಮಳೆ ತೆಂಕಣ ಪಡುವಲಿನಿಂದ ಬರುವುದು. ಆ ಬದಿಯ ಗೋಡೆಗೆ ಮಾಡಿನ ಇಳಿಕೆ ಸಾಕಷ್ಟು ಮುಂದೆ ಚಾಚಿದೆಯೇ ನೋಡಿ. ಹಂಚಿನ ಮನೆಯಾದರೆ ಪಕ್ಕಾಸು ರೀಪುಗಳನ್ನು ಚೂಪಾದ ಮೊಳೆಯಿಂದ ಚುಚ್ಚಿ. ಸುಲಭವಾಗಿ ಒಳಹೋದರೆ ಗೆದ್ದಲು ಹಿಡಿದಿದೆ ಅಥವಾ ಕುಂಬಾಗಿದೆ. ಕಾಂಕ್ರೀಟ್ ಮನೆಯಾದರೆ ಸ್ಲ್ಯಾಬಿನ ಅಡಿಯಲ್ಲಿ ಕಂದು ಬಣ್ಣದ ಗೆರೆ, ಉದುರಿದ ಸಿಮೆಂಟು ಇದೆಯೇ ನೋಡಿ. ಕಬ್ಬಿಣ ತುಕ್ಕಾಗುವಾಗ ಅದರ ಗಾತ್ರ ಹೆಚ್ಚುತ್ತದೆ, ಒಳಗಿನಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ. ಕಡಲ ಬದಿಯ ಉಪ್ಪುಗಾಳಿಯಲ್ಲಿ ಇದು ಇನ್ನೂ ಬೇಗ.

ಈಗಾಗಲೇ ಕೊಂಡಾಗಿದ್ದರೆ?

ಮನೆಯನ್ನು ಮಾರಿ ಹೋಗುವ ಶಕ್ತಿ ನನಗಿರಲಿಲ್ಲ. ಬಾವಿಯ ಮೇಲಿನ ಕೆಲವು ಅಡಿಗಳಿಗೆ ಕಾಂಕ್ರೀಟ್ ರಿಂಗ್ ಇಳಿಸಿ ಹಿಂಬದಿ ಮುಚ್ಚಿಸಿದೆ, ಕಟ್ಟೆ ಎತ್ತರಿಸಿದೆ, ಮೇಲಿನ ಬದಿಗೆ ಕಣಿ ತೋಡಿಸಿ ಮಳೆನೀರನ್ನು ಬೇರೆ ಕಡೆಗೆ ತಿರುಗಿಸಿದೆ. ಮೇಲಿನ ಮನೆಯವರ ಹತ್ತಿರ ಜಗಳವಾಡದೆ ಮಾತಾಡಿದೆ. ಅವರು ಮುಂದಿನ ಬೇಸಗೆಯಲ್ಲಿ ಗುಂಡಿಯನ್ನು ಇನ್ನೊಂದು ಬದಿಗೆ ಮಾಡಿಕೊಂಡರು. ಕುದಿಸದ ನೀರನ್ನು ಇಂದಿಗೂ ನಮ್ಮ ಮನೆಯಲ್ಲಿ ಕುಡಿಯುವುದಿಲ್ಲ.

ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಲೆಕ್ಕ ಮಕ್ಕಳಿಂದಲೇ ಮಾಡಿಸಿ. 1000 ಲೀಟರಿಗೆ 2.5 ಗ್ರಾಂ. ವ್ಯಾಸ 2 ಮೀಟರ್, ನೀರಿನ ಎತ್ತರ 3 ಮೀಟರ್ ಆದರೆ 3.14 × 1 × 1 × 3 = 9.42 ಘನ ಮೀಟರ್, ಅಂದರೆ 9,420 ಲೀಟರ್. ಬೇಕಾದದ್ದು ಸುಮಾರು 24 ಗ್ರಾಂ. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಹಾಕಿ, ಒಂದು ಗಂಟೆಯ ನಂತರ ಬಳಸಿ.

ತರಗತಿಯಲ್ಲಿ ಒಂದು ಎಚ್ಚರ

ಈ ಪಾಠ ಮಾಡುವಾಗ “ನಿಮ್ಮ ಮನೆಯ ದೋಷಗಳನ್ನು ಬರೆದು ತನ್ನಿ” ಎಂದು ದಯವಿಟ್ಟು ಹೇಳಬೇಡಿ. ಬರೆಯ ಕೆಳಗೆ, ತೋಡಿನ ಬದಿಯಲ್ಲಿ ಇರುವ ಮಕ್ಕಳು ನಮ್ಮ ತರಗತಿಯಲ್ಲೇ ಇದ್ದಾರೆ. ಅವರ ಮನೆಯವರಿಗೆ ಆರಿಸುವ ಅವಕಾಶವೇ ಸಿಕ್ಕಿರಲಿಕ್ಕಿಲ್ಲ. ಶಾಲೆಯ ಕಟ್ಟಡವನ್ನೇ ಪರೀಕ್ಷೆಗೆ ತೆಗೆದುಕೊಳ್ಳಿ. ಮಳೆ ಬರುವ ಒಂದು ದಿನ ಜಗಲಿಯಲ್ಲಿ ನಿಲ್ಲಿಸಿ ಅದೇ ಮೂರು ಪ್ರಶ್ನೆ ಕೇಳಿ. ಬರೆಯ ಹತ್ತಿರ, ಬಾವಿಯ ಹತ್ತಿರ ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಮನೆಯಲ್ಲಿ ಅಪಾಯ ಕಂಡ ಮಗು ತಾನಾಗಿ ಬಂದು ಹೇಳಿದರೆ ಆಮೇಲೆ ಪ್ರತ್ಯೇಕವಾಗಿ ಕೂತು ಕೇಳಿ, ಪಂಚಾಯತಿನ ಗಮನಕ್ಕೆ ತನ್ನಿ.

ಮನೆ ನೋಡಲು ಹೋಗುವಾಗ ಚೀಲದಲ್ಲಿರಲಿ

ಅಳತೆಯ ಟೇಪು, ನೀರಿನ ಪೈಪು, ಟಾರ್ಚು, ಒಂದು ಮೊಳೆ, ಪ್ಲಾಸ್ಟಿಕ್ ಹಾಳೆ, ಪರೀಕ್ಷೆಯ ಬಾಟಲಿ, ನೋಟ್ ಪುಸ್ತಕ. ಇವೆಲ್ಲ ಸೇರಿದರೂ ಒಂದು ಸಾವಿರ ರೂಪಾಯಿ ಆಗಲಿಕ್ಕಿಲ್ಲ.

ಕಳೆದ ವರ್ಷ ನಮ್ಮ ಶಾಲೆಯ ಟೀಚರೊಬ್ಬರು ಒಂದು ಮನೆ ಇಷ್ಟಪಟ್ಟರು. ಮಾರುವವರಿಗೆ ಅವಸರವಿತ್ತು, ಇವರು ಮಳೆಗಾಲದವರೆಗೆ ಸಮಯ ಕೇಳಿದರು. ಜುಲೈಯ ಒಂದು ಸಂಜೆ ಕೊಡೆ ಹಿಡಿದುಕೊಂಡು ಹೋಗಿ, ಅರ್ಧ ಗಂಟೆ ಅಂಗಳದಲ್ಲಿ ನಿಂತು ಬಂದರು. “ಏನಾಯ್ತು ಟೀಚರೇ?” ಎಂದು ಕೇಳಿದೆ. “ಅಡಿಗೆಕೋಣೆಯ ಹಿಂದಿನಿಂದ ಕೆಂಪು ನೀರು ಬರ್ತಾ ಉಂಟು ಮಾಷ್ಟ್ರೇ, ಬೇಡ” ಎಂದರು. ಅವರಿನ್ನೂ ಬಾಡಿಗೆ ಮನೆಯಲ್ಲೇ ಇದ್ದಾರೆ. ಈ ಆಟಿಯಲ್ಲಿ ಇನ್ನೊಂದು ಮನೆ ನೋಡಲು ಹೋಗುವವರಿದ್ದಾರೆ. ಪೈಪಿನ ಇನ್ನೊಂದು ತುದಿ ಹಿಡಿಯಲು ನನ್ನನ್ನೂ ಕರೆದಿದ್ದಾರೆ.